ಚೇತರಿಸಿಕೊಂಡವರು ಯಾರು?

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಪ್ರವಾಸೋದ್ಯಮ ‘ಚೇತರಿಸಿಕೊಂಡಿದೆ’ ಎಂಬ ಸುದ್ದಿಯನ್ನು ನಾನು ಇಪ್ಪತ್ತು ವರ್ಷಗಳಿಂದ ಓದುತ್ತಲೇ ಬಂದಿದ್ದೇನೆ. 2004ರಲ್ಲಿ ವೀರಪ್ಪನ್ ಸತ್ತ ಮೇಲೆ ಓದಿದೆ. ಕೊರೊನಾ ಕಾಲದ ಬೀಗ ತೆಗೆದ ಮೇಲೆ ಓದಿದೆ. ಕಾವೇರಿ ಉಕ್ಕಿ ಭರಚುಕ್ಕಿ ತುಂಬಿ ಬಿದ್ದ ಮಳೆಗಾಲಗಳಲ್ಲೆಲ್ಲ ಓದಿದೆ. ಸುದ್ದಿಗೆ ಕೊಡುವ ಸಾಕ್ಷಿ ಮಾತ್ರ ಪ್ರತಿಸಲವೂ ಒಂದೇ: ಹುಂಡಿ ಎಣಿಕೆ ಕೋಟಿ ದಾಟಿತು, ತಾಳಬೆಟ್ಟದಿಂದ ವಾಹನಗಳು ಸಾಲುಗಟ್ಟಿದವು, ಸಫಾರಿಗೆ ಟಿಕೆಟ್ ಸಿಗದೆ ಜನ ವಾಪಸ್ ಹೋದರು. ಬಂದವರನ್ನು ಎಣಿಸಿ ಇದ್ದವರ ಆರೋಗ್ಯ ಹೇಳುವ ವಿಚಿತ್ರ ವೈದ್ಯ ಇದು. ಕಾಯಿಲೆ ಬಿದ್ದವರು ಒಬ್ಬರು, ಚೇತರಿಸಿಕೊಂಡವರು ಇನ್ನೊಬ್ಬರು. ಮಧ್ಯದಲ್ಲಿ ಒಂದು ಇಲಾಖೆ ನಿಂತು ಎರಡಕ್ಕೂ ಒಂದೇ ಚೀಟಿ ಬರೆಯುತ್ತಿದೆ.

‘ಸುಸ್ಥಿರ ಪ್ರವಾಸೋದ್ಯಮ’ ಎಂಬ ಮಾತು ಈಗ ಎಲ್ಲ ಭಾಷಣಗಳಲ್ಲೂ ಇದೆ. ಅದರ ಮೇಲೆ ನನಗೆ ಕೋಪವಿಲ್ಲ. ಈ ಮೂರು ತಾಲ್ಲೂಕಿನ ಮಟ್ಟಿಗೆ ಅದರ ಅರ್ಥವೇನೆಂದು ಕೇಳಿದರೆ ಪ್ಲಾಸ್ಟಿಕ್ ನಿಷೇಧ, ಇ-ಶೌಚಾಲಯ, ಸೋಲಾರ್ ದೀಪ ಅನ್ನುತ್ತಾರಲ್ಲ, ಅದರ ಮೇಲೆ ಕೋಪ. ಕಾಡಿನ ಮೇಲೆ ಅಲ್ಲಿಯ ಜನರಿಗೆ ಕಾನೂನು ಕೊಟ್ಟ ಹಕ್ಕು ಅವರ ಕೈಗೆ ಬರುವವರೆಗೆ, ಕೇಡುಗಾಲದಲ್ಲಿ ಏಟು ತಿಂದ ಹಳ್ಳಿಗಳ ಬಾಕಿ ತೀರುವವರೆಗೆ ಇಲ್ಲಿ ಯಾವ ಪ್ರವಾಸೋದ್ಯಮವೂ ಚೇತರಿಸಿಕೊಂಡಿತೆಂದು ನಾನು ಒಪ್ಪುವುದಿಲ್ಲ. ಅಲ್ಲಿಯವರೆಗೆ ನಡೆಯುವುದು ಬರೀ ವಸೂಲಿ.

ದೂರದ ಓದುಗರಿಗಾಗಿ ಎರಡು ಮಾತು. ಯಳಂದೂರು ತಾಲ್ಲೂಕಿನ ನೆತ್ತಿಯ ಮೇಲೆ ಬಿಳಿಗಿರಿರಂಗನ ಬೆಟ್ಟ. ಕೊಳ್ಳೇಗಾಲದ ಅಂಚಿನಲ್ಲಿ ಕಾವೇರಿ, ಶಿವನಸಮುದ್ರ, ಭರಚುಕ್ಕಿ. ಮೊದಲು ಕೊಳ್ಳೇಗಾಲದಲ್ಲೇ ಇದ್ದು ಇತ್ತೀಚೆಗಷ್ಟೇ ಬೇರೆ ತಾಲ್ಲೂಕಾದ ಹನೂರಿನಲ್ಲಿ ಮಲೆ ಮಹದೇಶ್ವರ ಬೆಟ್ಟ, ಅದರಾಚೆ ಪಾಲಾರ್, ಗೋಪಿನಾಥಂ, ಹೊಗೇನಕಲ್. ಹರಕೆ ಹೊತ್ತು ನಡೆದು ಬರುವ ಪರಿಷೆಯವರು, ಹುಲಿ ನೋಡಲು ಬರುವವರು, ನೀರು ನೋಡಲು ಬರುವವರು, ಮೂರೂ ಬಗೆಯ ಜನ ಇಲ್ಲಿಗೆ ಬರುತ್ತಾರೆ. ಮೂರೂ ಕಡೆ ಒಂದಲ್ಲ ಒಂದು ಕೇಡು ಬಂದು ಹೋಗಿದೆ.

ವೀರಪ್ಪನ್ ಕಾಲದಿಂದಲೇ ಶುರುಮಾಡೋಣ. ಹೊರಗಿನವರ ನೆನಪಿನಲ್ಲಿ ಆ ಕಾಲವೆಂದರೆ ದೊಡ್ಡ ಹೆಸರುಗಳು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆ, 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟ, 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣ, 108 ದಿನಗಳ ಕಾಡುವಾಸ, 2002ರಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ, ಡಿಸೆಂಬರಿನಲ್ಲಿ ಕಾಡಿನಲ್ಲಿ ಸಿಕ್ಕ ಶವ. ಇವೆಲ್ಲ ನಡೆದದ್ದೇ. ಆದರೆ ಆ ಕಾಡಂಚಿನ ಹಳ್ಳಿಗಳಲ್ಲಿ ಕೇಡಿಗೆ ಎರಡು ಮುಖವಿತ್ತು. ರಾತ್ರಿ ಬಂದವನಿಗೆ ಅಕ್ಕಿ ಕೊಡದಿದ್ದರೆ ‘ಮಾಹಿತಿದಾರ’, ಕೊಟ್ಟರೆ ಬೆಳಿಗ್ಗೆ ಬಂದವರ ಪಾಲಿಗೆ ‘ಸಹಚರ’. ಮಾದಪ್ಪನ ಬೆಟ್ಟದ ಮೇಲೆಯೇ ಇದ್ದ ಕಾರ್ಯಪಡೆಯ ವಿಚಾರಣಾ ಶಿಬಿರಕ್ಕೆ ಜನ ಇಟ್ಟ ಹೆಸರು ‘ವರ್ಕ್‌ಶಾಪ್’. ಆ ಹೆಸರನ್ನು ಹೇಳುವಾಗ ಇವತ್ತಿಗೂ ದನಿ ತಗ್ಗಿಸುವ ಹಿರಿಯರಿದ್ದಾರೆ. ನೂರಕ್ಕೂ ಹೆಚ್ಚು ಜನರನ್ನು ಟಾಡಾ ಕಾಯ್ದೆಯಡಿ ಹಿಡಿದು ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಇಟ್ಟರು. 2001ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯಿಂದ ವಿಚಾರಣೆ ನಡೆಸಿ, 2007ರಲ್ಲಿ ಎರಡೂ ರಾಜ್ಯಗಳ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಎರಡು ರಾಜ್ಯಗಳ ಅಷ್ಟು ದೊಡ್ಡ ಕಾಡಿನ ಅಂಚಿನಲ್ಲಿ ಎಣಿಕೆಗೆ ಸಿಕ್ಕವರು ಎಂಬತ್ತೊಂಬತ್ತೇ ಜನ.

ಈಗ ಗೋಪಿನಾಥಕ್ಕೆ ಹೋಗಿ. ವೀರಪ್ಪನ್ ಹುಟ್ಟಿದ ಊರು. ಅಲ್ಲಿನ ಕೆರೆಯ ಹತ್ತಿರ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯ ಒಂದು ಶಿಬಿರವಿದೆ. ಅದರ ಹೆಸರಿನಲ್ಲಿ ‘ಮಿಸ್ಟರಿ’ ಎಂಬ ಪದವಿದೆ. ಯಾವುದು ಮಿಸ್ಟರಿ ಸ್ವಾಮಿ? ಯಾರು ಸತ್ತರು, ಯಾರು ಕೊಂದರು, ಯಾರನ್ನು ಯಾವ ಶಿಬಿರಕ್ಕೆ ಎಳೆದೊಯ್ದರು ಎಂಬುದೆಲ್ಲ ಆಯೋಗದ ಮುಂದೆ ಬಂದ ವಿಷಯ. ಒಂದು ಊರಿನ ಇಪ್ಪತ್ತು ವರ್ಷದ ನರಕವನ್ನು ಚಾರಣಕ್ಕೆ ಬಂದವರ ರೋಮಾಂಚನಕ್ಕೆ ಕರಗಿಸಿ ಕೊಡುವುದು ಚೇತರಿಕೆಯೋ, ಗಾಯಕ್ಕೆ ಟಿಕೆಟ್ ಇಡುವುದೋ? ಅದೇ ಊರಿನಲ್ಲಿ ಶ್ರೀನಿವಾಸ್ ಅವರ ನೆನಪು ಬೇರೆ ಬಗೆಯಲ್ಲಿ ಉಳಿದಿದೆ. ಜನರ ನಡುವೆ ಇದ್ದು, ಮಾರಿಯಮ್ಮನ ಗುಡಿ ಕಟ್ಟಿಸಿ, ಔಷಧಿ ಕೊಡಿಸಿ, ಕಳ್ಳಸಾಗಣೆಗೆ ಇಳಿದಿದ್ದವರಿಗೆ ಬೇರೆ ದಾರಿ ತೋರಿಸಲು ಹೊರಟ ಅಧಿಕಾರಿ ಆತ. ಶರಣಾಗುತ್ತೇನೆಂಬ ಮಾತು ನಂಬಿ ಆಯುಧವಿಲ್ಲದೆ ಹೋಗಿ ಸತ್ತರು. ಊರವರು ಇವತ್ತಿಗೂ ಅವರ ಪಟಕ್ಕೆ ಹೂ ಹಾಕುತ್ತಾರೆ. ಪ್ರವಾಸಿಗರಿಗೆ ಹೇಳಬೇಕಾದ ಕಥೆ ಅಲ್ಲೇ ಇದೆ, ಅದಕ್ಕೆ ನಿಗೂಢತೆಯ ಹಂಗು ಬೇಕಿಲ್ಲ.

ಇದು ಆಗದ ಕೆಲಸವೂ ಅಲ್ಲ. ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಕಾಡುದಾಲ್ಚಿನ್ನಿಯ ತೊಗಟೆ ಕದ್ದು ಸಾಗಿಸುತ್ತಿದ್ದವರನ್ನೇ ತೊಂಬತ್ತರ ದಶಕದ ಕೊನೆಯಲ್ಲಿ ಸಮಿತಿ ಮಾಡಿ ಕೂರಿಸಿ, ಕಾಡು ಕಾಯುವ ಮತ್ತು ಪ್ರವಾಸಿಗರನ್ನು ನಡೆಸಿಕೊಂಡು ಹೋಗುವ ಕೆಲಸ ಕೊಟ್ಟರು. ಚಾರಣದಿಂದ ಬಂದ ದುಡ್ಡಿನ ಲೆಕ್ಕ ಆ ಸಮಿತಿಯ ಮುಂದೆ ಬಂತು. ಅಲ್ಲೂ ತಕರಾರುಗಳಿವೆ, ಅದನ್ನು ಸ್ವರ್ಗ ಎಂದು ಹೇಳುತ್ತಿಲ್ಲ. ಆದರೆ ಅಡುಗೆಯವನಾಗಿ, ಮೂಟೆ ಹೊರುವವನಾಗಿ ಸಂಬಳಕ್ಕೆ ಸೇರುವುದಕ್ಕೂ, ಯಾವ ದಾರಿಯಲ್ಲಿ ಎಷ್ಟು ಜನ ಹೋಗಬೇಕೆಂಬ ಮಾತಿನಲ್ಲಿ ಪಾಲುಗಾರನಾಗುವುದಕ್ಕೂ ಅಜಗಜಾಂತರ.

ಇನ್ನು ಯಳಂದೂರಿನ ಬೆಟ್ಟ. ಸೋಲಿಗರ ಕಥೆಯಲ್ಲಿ ಬಿಳಿಗಿರಿರಂಗ ಕುಸುಮಾಲೆ ಎಂಬ ಸೋಲಿಗರ ಹೆಣ್ಣನ್ನು ಮೆಚ್ಚಿ ಕಟ್ಟಿಕೊಂಡವನು. ಹಾಗಾಗಿ ರಂಗಪ್ಪ ಅವರಿಗೆ ಭಾವ. ಆ ರಂಗಪ್ಪ ರಾತ್ರಿ ಕಾಡು ಸುತ್ತಲು ತೊಡುವ ದೊಡ್ಡ ಚಮ್ಮಾವುಗೆಯನ್ನು ಬೂದಿತಿಟ್ಟಿನವರು ಹೊಲಿದು ತರುತ್ತಾರೆ. ದೇವರಿಗೇ ನಂಟಸ್ತಿಕೆಯ ಹಂಗು ಹಾಕಿದ ಜನ ಇವರು. ಭಾವನ ಮನೆಯ ಸುತ್ತಲಿನ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿ ಅಂಚಿಗೆ ತಂದರು, ಕೊತ್ತುಕಾಡು ಬೇಸಾಯ ನಿಂತಿತು, ಬೇಸಿಗೆಗೆ ಮೊದಲು ಅವರು ಹಾಕುತ್ತಿದ್ದ ತರಗುಬೆಂಕಿ ಅಪರಾಧವಾಯಿತು. ಲಂಟಾನ ಹಬ್ಬಿದ್ದು ಆ ಬೆಂಕಿ ನಿಂತ ಮೇಲೆಯೇ ಎಂದು ಸೋಲಿಗರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕೇಳಿಸಿಕೊಳ್ಳಲು ಸಂಶೋಧಕರು ಬಂದರು, ಇಲಾಖೆ ಬರಲಿಲ್ಲ. ಬೆಟ್ಟದಲ್ಲಿ ಇವತ್ತು ಮೈಲಿಗಟ್ಟಲೆ ಕಾಣುವ ಆ ಮುಳ್ಳುಪೊದೆಯನ್ನೇ ಎಷ್ಟೋ ಪ್ರವಾಸಿಗರು ‘ದಟ್ಟ ಕಾಡು’ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ.

2011 ಈ ಬೆಟ್ಟದ ಮಟ್ಟಿಗೆ ದೊಡ್ಡ ವರ್ಷ. ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇಂಥದ್ದು ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಸೆ ತರುವುದಷ್ಟೇ ಅಲ್ಲ, ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಆ ಕಾಯ್ದೆ ಗ್ರಾಮಸಭೆಗೆ ಕೊಡುತ್ತದೆ. ಜನ ಕಾಡಿನಲ್ಲಿದ್ದರೆ ಹುಲಿ ಉಳಿಯುವುದಿಲ್ಲ ಎನ್ನುವವರಿಗೆ ಉತ್ತರವನ್ನು ಹುಲಿಯೇ ಕೊಟ್ಟಿತು. 2010ರ ಎಣಿಕೆಯಿಂದ 2014ರ ಎಣಿಕೆಯ ಹೊತ್ತಿಗೆ ಅಲ್ಲಿನ ಹುಲಿಗಳ ಸಂಖ್ಯೆ ಸುಮಾರು ದುಪ್ಪಟ್ಟಾಯಿತು.

ಆದರೂ ಕ್ಯಾತದೇವರಗುಡಿಯ ಸಫಾರಿ ಜೀಪು ಯಾವ ದಾರಿಯಲ್ಲಿ ಹೋಗಬೇಕು, ದಿನಕ್ಕೆ ಎಷ್ಟು ಹೋಗಬೇಕು, ಟಿಕೆಟ್ ದುಡ್ಡು ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನದಲ್ಲಿ ಗ್ರಾಮಸಭೆಗೆ ಜಾಗವಿಲ್ಲ. ಹಕ್ಕುಪತ್ರ ಗೋಡೆಯ ಮೇಲೆ, ಹಕ್ಕು ಚೆಕ್‌ಪೋಸ್ಟಿನ ಆಚೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಸೋಲಿಗರಿಗೆ ಮರವಲ್ಲ, ದೇವರು. ಅಂಥ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳು ನೂರಾರು ಇವೆ ಆ ಕಾಡಿನಲ್ಲಿ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ದುಡ್ಡು ಕೊಟ್ಟ ಅಪರಿಚಿತ ಜೀಪಿನಲ್ಲಿ ಕೂತು ಒಳಕ್ಕೆ ಹೋಗಬಹುದು, ಕುಲದವನು ತನ್ನ ಕಲ್ಲಿಗೆ ಕಾಯಿ ಒಡೆಯಲು ಹೋಗುವಾಗ ಕಾವಲುಗಾರನಿಗೆ ವಿವರಣೆ ಕೊಡಬೇಕು. ಇದನ್ನು ನೀವು ಯಾವ ಶಬ್ದದಿಂದ ಕರೆಯುತ್ತೀರೋ ಕಾಣೆ, ‘ಸುಸ್ಥಿರ’ ಎಂದು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ.

ಹನೂರಿನ ಕಡೆಗೆ ಬಂದರೆ ಚಿತ್ರ ಇನ್ನೂ ಒರಟು. ಮಾದಪ್ಪನ ಬೆಟ್ಟಕ್ಕೆ ಪ್ರಾಧಿಕಾರವಿದೆ, ಹುಂಡಿಯಿದೆ, 2023ರಲ್ಲಿ ಅನಾವರಣಗೊಂಡ 108 ಅಡಿಯ ಹುಲಿವಾಹನ ಮಾದಪ್ಪನ ಪ್ರತಿಮೆಯಿದೆ. (ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಹೆದರುತ್ತಿದ್ದ ಮುಖ್ಯಮಂತ್ರಿಗಳು ಎಷ್ಟೋ ಮಂದಿ. ಬೆಟ್ಟದ ಮಾದಪ್ಪನಿಗೆ ಮಾತ್ರ ಆ ಹೆದರಿಕೆಯಿಲ್ಲ.) 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ನಡೆಸಿತು. ಅದಕ್ಕೆ ಸುಮಾರು ಒಂದು ವರ್ಷದ ಹಿಂದೆ, ಲೋಕಸಭಾ ಚುನಾವಣೆಯ ದಿನ, ಅದೇ ಬೆಟ್ಟದ ಮಗ್ಗುಲಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಗಿತ್ತು. ರಸ್ತೆ, ನೀರು ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಕೂತ ಹಳ್ಳಿಗರನ್ನು ಒಪ್ಪಿಸಲು ಹೋದಾಗ ಗಲಾಟೆಯಾಯಿತು. ಮತಯಂತ್ರ ಒಡೆದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಅದರ ಪೆಟ್ಟು ತಿಂದವರಲ್ಲಿ ಮತ ಹಾಕಲು ಬಂದ ಮೆಂದಾರೆಯ ಸೋಲಿಗರೂ ಇದ್ದರು. ಆದರೆ ಲಕ್ಷಾಂತರ ಜನರಿಗೆ ದಾಸೋಹ, ವಸತಿಗೃಹ, ಪಾರ್ಕಿಂಗ್ ಒದಗಿಸಲು ಬರುವ ಆಡಳಿತಕ್ಕೆ ಪಕ್ಕದ ಹಳ್ಳಿಗೆ ಒಂದು ದಾರಿ ಮಾಡಿಕೊಡಲು ಬರಲಿಲ್ಲವೇಕೆ? ಅರಣ್ಯ ಕಾಯ್ದೆ ಅಡ್ಡ ಬರುತ್ತದೆ ಎಂಬ ಉತ್ತರ ಸಿದ್ಧವಿದೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ರಸ್ತೆ, ಕುಡಿಯುವ ನೀರು, ಶಾಲೆಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಸಣ್ಣ ಪ್ರಮಾಣದ ಜಾಗ ಬಿಟ್ಟುಕೊಡಲು ಅವಕಾಶವಿರುವುದು ಆ ಉತ್ತರ ಕೊಡುವವರಿಗೂ ಗೊತ್ತು.

2025ರ ಜೂನ್ 26ರ ಸುದ್ದಿ ನಿಮಗೂ ನೆನಪಿರಬಹುದು. ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ದೇಶವೆಲ್ಲ ಮರುಗಿತು, ಮರುಗಬೇಕಾದ್ದೇ. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಸೀಮೆಯಲ್ಲಿ ಹೀಗಾಯಿತೆಂದು ನಮ್ಮ ಕಡೆಯವರೂ ತಲೆ ತಗ್ಗಿಸಿದರು. ಅದೇ ವಾರ ಹೊರಬಿದ್ದ ಇನ್ನೊಂದು ಸಂಗತಿ ಮಾತ್ರ ಬೇಗ ಮರೆತುಹೋಯಿತು: ಆ ಕಾಡನ್ನು ಕಾಯುತ್ತಿದ್ದ ಹೊರಗುತ್ತಿಗೆ ನೌಕರರು ತಿಂಗಳುಗಟ್ಟಲೆ ಸಂಬಳ ಸಿಗದೆ ಪ್ರತಿಭಟಿಸಿದ್ದರು. ಗಸ್ತು ತಿರುಗುವವನ ಮನೆಯಲ್ಲಿ ಒಲೆ ಉರಿಯದಿದ್ದರೆ ಹುಲಿ ಯಾರ ಕಾವಲಿನಲ್ಲಿರುತ್ತದೆ?

ಆಮೇಲೆ ಬಂದ ಪರಿಹಾರವೂ ನಮ್ಮ ಇಲಾಖೆಗಳ ಗುಣಕ್ಕೆ ತಕ್ಕಂತಿತ್ತು. ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸುವ ಮಾತು ಮೇಲಿನಿಂದ ಬಂತು. ಹನೂರು ತಾಲ್ಲೂಕಿನ ಊರುಗಳ ಪಟ್ಟಿ ತೆಗೆದು ನೋಡಿ, ‘ದೊಡ್ಡಿ’ ಎಂದು ಮುಗಿಯುವ ಹೆಸರುಗಳು ಎಷ್ಟಿವೆ ಎಂದು. ದೊಡ್ಡಿ ಎಂದರೆ ದನ ಕೂಡುವ ಜಾಗ. ಆಲಂಬಾಡಿ ಎಂಬ ದನದ ತಳಿಗೆ ಹೆಸರು ಬಂದದ್ದು ಈ ಕಾವೇರಿ ದಡದ ಊರಿನಿಂದ. ಮಾದಪ್ಪನಿಗೆ ಗುಡಿ ಕಟ್ಟಿಸಿದವನೆಂದು ಗುಡ್ಡರು ಕಂಸಾಳೆ ಹಿಡಿದು ಹಾಡುವ ಜುಂಜೇಗೌಡ ಕುರಿ ಕಾಯುವ ಕುಲದವನು, ಅವನ ಊರೂ ಆಲಂಬಾಡಿಯೇ. ಈ ಕಾಡು ಅಭಯಾರಣ್ಯವಾದದ್ದು 2013ರಲ್ಲಿ. ದನಗಾಹಿಗಳ ಮುಂದೆ ಹತ್ತು-ಹನ್ನೆರಡು ವರ್ಷದ ಬೋರ್ಡು ನಿಂತು ‘ನೀವು ಹೊರಗಿನವರು’ ಎನ್ನುತ್ತಿದೆ. ಹೊರಗಿನ ವ್ಯಾಪಾರಿಗಳು ಕೂಲಿ ಕೊಟ್ಟು ನೂರಾರು ದನ ಬಿಡುವುದನ್ನು ತಡೆಯಲಿ, ನನ್ನದೇನೂ ತಕರಾರಿಲ್ಲ. ಎರಡು ಹಸು ಸಾಕಿ ಗೊಬ್ಬರಕ್ಕೆ, ಹಾಲಿಗೆ ಬದುಕುವವಳನ್ನೂ ಅದೇ ಬಲೆಯಲ್ಲಿ ಹಿಡಿದರೆ, ಹಸು ಸತ್ತಾಗ ಪರಿಹಾರ ಕೈಸೇರದೆ ಕಚೇರಿ ಮೆಟ್ಟಿಲು ಸವೆಸಿದರೆ, ಮುಂದಿನ ವಿಷದ ಪೊಟ್ಟಣ ಎಲ್ಲಿ ತಯಾರಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಡ.

ಕೊಳ್ಳೇಗಾಲದ ನೀರಿನ ಮಾತು ಬೇಗ ಮುಗಿಸುತ್ತೇನೆ. ಕೆಆರ್‌ಎಸ್ ಮತ್ತು ಕಬಿನಿ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟರೆ ಭರಚುಕ್ಕಿಗೆ ಜನ ಮುಗಿಬೀಳುತ್ತಾರೆ. ಅದೇ ನೀರು ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿಗಳ ಗದ್ದೆಗೆ, ಮನೆಗೆ ನುಗ್ಗುತ್ತದೆ. 2018, 2019, 2024ರಲ್ಲಿ ಹೀಗೇ ಆಯಿತು. ಪತ್ರಿಕೆಯಲ್ಲಿ ಅಕ್ಕಪಕ್ಕ ಎರಡು ಫೋಟೊ ಬರುತ್ತವೆ: ಒಂದರಲ್ಲಿ ಸೆಲ್ಫಿ, ಇನ್ನೊಂದರಲ್ಲಿ ಪಾತ್ರೆಪಗಡ ಹೊತ್ತು ಪರಿಹಾರ ಕೇಂದ್ರಕ್ಕೆ ಹೊರಟವರು. ಶಿವನಸಮುದ್ರದ ಹತ್ತೊಂಬತ್ತನೇ ಶತಮಾನದ ವೆಲ್ಲೆಸ್ಲಿ ಸೇತುವೆ, ಕಲ್ಲಿನ ಕಂಬಗಳ ಆ ಚೆಲುವಾದ ಕಟ್ಟಡ, 2018ರ ಪ್ರವಾಹದಲ್ಲಿ ಮುರಿದು ಒಂದಿಷ್ಟು ಭಾಗ ಕೊಚ್ಚಿಹೋಯಿತು. ಜಲಪಾತೋತ್ಸವದ ವೇದಿಕೆಗೆ ಬಣ್ಣದ ದೀಪ ಕಟ್ಟುವ ಉತ್ಸಾಹ, ಇನ್ನೂರು ವರ್ಷ ತಾಳಿದ ಸೇತುವೆಯ ಕಂಬಗಳ ಬಗ್ಗೆ ಕಾಣಲಿಲ್ಲ.

‘ಉದ್ಯೋಗ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಟ್ಟದಲ್ಲಿ ಕಡಲೆಪುರಿ, ವಿಭೂತಿ ಮಾರುವವರು, ಜೀಪು ಓಡಿಸುವವರು, ಹೋಮ್‌ಸ್ಟೇಯಲ್ಲಿ ಪಾತ್ರೆ ತೊಳೆಯುವವರು ಎಲ್ಲ ನಮ್ಮವರೇ. ಕೊರೊನಾ ಕಾಲದಲ್ಲಿ ಬೆಟ್ಟ ಮುಚ್ಚಿದಾಗ ಮೊದಲು ಬರಿಗೈಯಾದವರೂ ಅವರೇ. ನನ್ನ ವಾದಕ್ಕೆ ಅದೇ ಬಲ. ಬರುವ ಜನ ಹೆಚ್ಚಾದಾಗ ಕೂಲಿ, ಕಡಿಮೆಯಾದಾಗ ಹಸಿವು ಎಂಬ ಕೆಲಸ ಯಾವ ಕೇಡನ್ನೂ ತಾಳುವುದಿಲ್ಲ. ಆಗ ಪೋಡಿನಲ್ಲಿ ಜೇನು, ಕಾಫಿ, ರಾಗಿ ಇದ್ದವನು ಹೇಗೋ ನಿಂತ, ಅದನ್ನೆಲ್ಲ ಬಿಟ್ಟು ಪೂರ್ತಿ ಪ್ರವಾಸಿಗರನ್ನೇ ನಂಬಿದವನು ಕುಸಿದ. 2025ರ ನವೆಂಬರಿನಲ್ಲಿ ಪಕ್ಕದ ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾಗಿ ಸಫಾರಿ ನಿಂತಾಗ, ಬಡವರ ಉದ್ಯೋಗ ಹೋಯಿತೆಂದು ಗಟ್ಟಿಯಾಗಿ ಕೂಗಿದವರಲ್ಲಿ ರೆಸಾರ್ಟುಗಳ ಕಡೆಯವರೇ ಮುಂದೆ ಇದ್ದರು. ಸಂಬಳಕ್ಕೆ ದುಡಿಯುವವನ ಹಸಿವು ಧಣಿಯ ವಾದಕ್ಕೆ ಬಹಳ ಚೆನ್ನಾಗಿ ಒದಗಿಬರುತ್ತದೆ.

ಸೋಲಿಗರ ಕೈಗೆ ಕೊಟ್ಟರೆ ಅವರೂ ರೆಸಾರ್ಟ್ ಕಟ್ಟುವುದಿಲ್ಲವೇ ಎಂಬ ಪ್ರಶ್ನೆಯನ್ನು ವಿದ್ಯಾವಂತ ಗೆಳೆಯರೇ ಕೇಳುತ್ತಾರೆ. ಕಟ್ಟಬಹುದು. ತಪ್ಪು ಮಾಡಬಹುದು, ಒಳಜಗಳವಾಗಬಹುದು, ಯಾರೋ ಒಬ್ಬ ಯಜಮಾನ ದುಡ್ಡು ನುಂಗಬಹುದು. ದುಡ್ಡು ಹೆಚ್ಚಾದ ಗುಡಿಗಳಲ್ಲಿ, ಸಂಘಗಳಲ್ಲಿ, ಸಂಸ್ಥಾನಗಳಲ್ಲಿ ಆಗದೇ ಇರುವುದು ಯಾವುದಿದೆ? ಆದರೆ ಹಕ್ಕನ್ನು ಸನ್ನಡತೆಯ ಪ್ರಮಾಣಪತ್ರ ನೋಡಿ ಕೊಡುವ ರೂಢಿ ಆದಿವಾಸಿಗಳ ವಿಷಯದಲ್ಲಿ ಮಾತ್ರ ಏಕೆ? ಇಲಾಖೆಯ ತಪ್ಪುಗಳಿಗೆ ಇಲಾಖೆಯನ್ನು ಎತ್ತಂಗಡಿ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಏನು ಮಾಡಬೇಕು ಎಂದರೆ, ಹೊಸ ಯೋಜನಾ ವರದಿಯೇನೂ ಬೇಕಿಲ್ಲ. ಬಿಳಿಗಿರಿ ಬೆಟ್ಟದಲ್ಲಿ ಸಫಾರಿಯ ದಾರಿ, ಜೀಪುಗಳ ಸಂಖ್ಯೆ, ಟಿಕೆಟ್ ಹಣದ ಹಂಚಿಕೆ ಹಕ್ಕುಪತ್ರ ಇರುವ ಗ್ರಾಮಸಭೆಗಳ ಒಪ್ಪಿಗೆಯಿಂದಲೇ ನಡೆಯಲಿ. ಅವು ಬೇಡವೆಂದ ಎಲ್ಲೆಯೊಳಗೆ ಚಕ್ರ ಉರುಳದಿರಲಿ. ಕಾಡಿನ ಹೆಸರಿನಲ್ಲಿ ಬರುವ ಪ್ರತಿ ರೂಪಾಯಿಯಲ್ಲೂ ಮೊದಲು ಗಸ್ತಿನವರ ಸಂಬಳ, ಹಸು ಕಳೆದುಕೊಂಡವರ ಪರಿಹಾರ ತೀರಲಿ, ಉಳಿದದ್ದರಲ್ಲಿ ಸ್ವಾಗತ ಕಮಾನು ಕಟ್ಟಿಕೊಳ್ಳಲಿ. ಗೋಪಿನಾಥಂ ಶಿಬಿರದ ಹೆಸರಿನಿಂದ ಆ ‘ಮಿಸ್ಟರಿ’ ಕಳಚಲಿ. ಮಾದಪ್ಪನ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಇದ್ದ ಜಾಗದಲ್ಲಿ, ಅಲ್ಲಿ ಏನಾಯಿತೆಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆದ ಒಂದು ಕಲ್ಲು ನಿಲ್ಲಲಿ. 108 ಅಡಿ ಬೇಡ, ಆಳೆತ್ತರ ಸಾಕು.

ದೀಪಾವಳಿಯಲ್ಲಿ ಬೆಟ್ಟದ ಬೇಡಗಂಪಣ ಕುಲದ 101 ಹೆಣ್ಣುಮಕ್ಕಳು ಉಪವಾಸವಿದ್ದು ಹಾಲರೆಹಳ್ಳದಿಂದ ಮಾದಪ್ಪನಿಗೆ ನೀರು ಹೊತ್ತು ತರುತ್ತಾರೆ. ಹಾಲರವಿ ಉತ್ಸವವೆಂದು ಅದನ್ನು ನೋಡಲು ಸಾವಿರಾರು ಜನ ಬೆಟ್ಟ ಹತ್ತುತ್ತಾರೆ, ಚಾನೆಲ್ಲುಗಳು ಬರುತ್ತವೆ. ಆ ಬೆಟ್ಟದ ಮಗ್ಗುಲ ಹಳ್ಳಿಗಳಲ್ಲಿ ಉಳಿದ ದಿನಗಳಲ್ಲೂ ಹೆಣ್ಣುಮಕ್ಕಳು ನೀರು ಹೊರುತ್ತಾರೆ. ಅದನ್ನು ನೋಡಲು ಯಾರೂ ಬರುವುದಿಲ್ಲ.